‘ಬಂದ್ ಮಾಡ್ರಿ’ ಅಂದರೆ ಏನು?

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದು. ಊರಿಗೆ ಹೋಗಿ ಬಂದಿದ್ದೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ಕೇಳಿದರು, ‘ನಿಮ್ಮೂರಲ್ಲಿ ಬೆಳಗ್ಗೆ ಏನು ತಿಂಡಿ?’

‘ಒಗ್ಗರಣಿ, ಮಿರ್ಚಿ’ ಅಂದೆ.

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬರು ಗಂಭೀರವಾಗಿ, ‘ಬರೀ ಒಗ್ಗರಣೆನಾ? ಅದರ ಕೆಳಗೆ ಚಿತ್ರಾನ್ನ ಇರಲ್ವಾ?’ ಅಂದರು. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ನಾನೂ ನಕ್ಕೆ. ನಮ್ಮ ರಾಯಚೂರು, ಕೊಪ್ಪಳ ಕಡೆ ಮಂಡಾಳು ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಹಾಕಿ ಕಲಸಿದ ತಿಂಡಿಯ ಹೆಸರೇ ಒಗ್ಗರಣಿ ಅಂತ ವಿವರಿಸುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿತ್ತು. ಕೆಟ್ಟ ಉದ್ದೇಶದ ನಗೆ ಏನಲ್ಲ ಅದು. ಆದರೆ ಅವತ್ತಿನಿಂದ ಸುಮಾರು ಎರಡು ವರ್ಷ ನಾನು ಆಫೀಸಿನಲ್ಲಿ ತಿಂಡಿ ಏನು ಅಂದರೆ ‘ದೋಸೆ’ ಅನ್ನುತ್ತಿದ್ದೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ಹೇಳುವ ಕಥೆಯಲ್ಲಿ ನಗುವವರ ಸಾಲಿನಲ್ಲಿ ನಾನೇ ಇದ್ದೀನಿ.

ನನ್ನೂರು ದೇವಸುಗೂರು. ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಬಂದರೆ ಕೃಷ್ಣಾ ಹೊಳೆ. ಹೊಳೆ ದಂಡಿಗೆ ಸೂಗೂರೇಶ್ವರನ ಗುಡಿ, ನಮ್ಮೂರು, ಪಕ್ಕದಲ್ಲೇ ಶಕ್ತಿನಗರ. ಕರ್ನಾಟಕದ ಮೊದಲ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇರುವುದು ಇಲ್ಲೇ. ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ 210 ಮೆಗಾವಾಟಿನವು ಏಳು, 250 ಮೆಗಾವಾಟಿನದು ಒಂದು, ಒಟ್ಟು 1720 ಮೆಗಾವಾಟ್ ಸಾಮರ್ಥ್ಯ. ಬೆಂಗಳೂರಿನ ಗೆಳತಿಯರು ‘ಅಯ್ಯೋ ನಿಮ್ಮೂರ ಬಿಸಿಲು!’ ಅಂದಾಗ, ನಿಮ್ಮ ಎಸಿಗೆ ಕರೆಂಟು ಎಲ್ಲಿಂದ ಬರ್ತದೆ ಗೊತ್ತೇನು ಅಂತ ನಾನು ಕೇಳುವುದುಂಟು.

ಥರ್ಮಲ್ ಬಂದ ಮೇಲೆ ನಮ್ಮೂರ ಸುತ್ತ ಬಂದ ಮಂದಿಗೆ ಲೆಕ್ಕ ಇಲ್ಲ. ಮೈಸೂರು, ಮಂಗಳೂರು, ಧಾರವಾಡ ಕಡೆಯ ಇಂಜಿನಿಯರುಗಳು, ಹೊಳೆ ಆಚೆಯ ತೆಲುಗಿನವರು, ಉತ್ತರದ ಕಡೆಯಿಂದ ಗುತ್ತಿಗೆ ಕೆಲಸಕ್ಕೆ ಬಂದವರು. ಅದಕ್ಕೂ ಮೊದಲು ನಾವೇನು ಒಂದೇ ಥರದವರಿರಲಿಲ್ಲ. 1956ರ ನವೆಂಬರ್ 1ರ ತನಕ ಹೊಳೆಯ ಎರಡೂ ದಂಡಿ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಿಜಾಮರ ಕಾಲದ ಆಡಳಿತ ಉರ್ದುವಿನಲ್ಲಿ, ಮನಿ ಮಾತು ಕನ್ನಡದಲ್ಲಿ, ಸಂತಿ ವ್ಯಾಪಾರ ತೆಲುಗು ಕನ್ನಡ ಎರಡರಲ್ಲೂ. ನಮ್ಮ ಅಜ್ಜಿ ಒಂದೇ ವಾಕ್ಯದಲ್ಲಿ ಈ ಮೂರನ್ನೂ ತುರುಕಿ ಬೈಯುತ್ತಿದ್ದಳು. ಯಾವ ಪದ ಯಾರದು ಅಂತ ಅವಳಿಗೂ ಗೊತ್ತಿರಲಿಲ್ಲ, ಬೈಸಿಕೊಂಡವರಿಗೂ ಗೊತ್ತಿರಲಿಲ್ಲ.

ಮೊಹರಂ ಬಂದರೆ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಅಲಾಯಿ ಕುಣಿ ತೋಡುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಅಂತೂ ದೊಡ್ಡ ಹೆಸರು. ಹಿಂದೂಗಳ ಮನೆಯಲ್ಲಿ ಹರಕೆ ಹೊರುತ್ತಾರೆ, ಚೋಂಗೆ ಮಾಡುತ್ತಾರೆ, ಹುಡುಗರು ಹಲಗೆಯ ಸದ್ದಿಗೆ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಇದನ್ನು ‘ಭಾವೈಕ್ಯತೆ’ ಅಂತ ಕರೆದು ಪೇಪರಿನಲ್ಲಿ ಫೋಟೊ ಹಾಕುತ್ತಾರೆ. ನಂಗೂ ಖುಷಿನೇ. ಆದರೆ ಹಲಗೆಯ ಸದ್ದು ನಿಂತ ಮೇಲೆ ಏನಾಗುತ್ತೆ ಅಂತ ಕೂಡ ನೋಡಬೇಕಲ್ಲ. ಚಹಾದಂಗಡಿಯಲ್ಲಿ ಎರಡು ಥರದ ಲೋಟ ಇಡುವ ಪದ್ಧತಿ ನೋಡದೆ ಬೆಳೆದವರು ನಮ್ಮ ಕಡೆ ಎಷ್ಟು ಜನ ಇದ್ದಾರು? ಒಟ್ಟಿಗೆ ಕುಣಿಯುವುದು ಬೇರೆ, ಒಟ್ಟಿಗೆ ಕೂಡುವುದು ಬೇರೆ. ಈ ವ್ಯತ್ಯಾಸ ನನಗೆ ಹೊಳೆದದ್ದು ಮಾತ್ರ ಊರಲ್ಲಲ್ಲ, ಗಾಜಿನ ಗೋಡೆಯ ಮೀಟಿಂಗ್ ರೂಮಿನಲ್ಲಿ.

ನಾನು ಟೀಮ್ ಲೀಡ್ ಆಗಿ ಒಂದೂವರೆ ವರ್ಷ ಆಗಿತ್ತು. ಹನ್ನೊಂದು ಜನ. ಅದರಲ್ಲಿ ಎಂಟು ಜನ ಕಂಪನಿಯವರು, ಮೂವರು ವೆಂಡರ್ ಕಡೆಯಿಂದ ಬಂದ ಕಾಂಟ್ರ್ಯಾಕ್ಟಿನವರು. ಕೆಲಸ ಒಂದೇ, ಕುತ್ತಿಗೆಯ ಟ್ಯಾಗಿನ ಬಣ್ಣ ಬೇರೆ. ಐಟಿಯಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೀಮ್ ಲಂಚಿಗೆ ಹೋಗುವಾಗ ‘ಅವರಿಗೆ ಬಜೆಟ್ ಇಲ್ಲ’ ಅನ್ನುತ್ತಾರೆ. ರಾತ್ರಿ ಕ್ಯಾಬಿನ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಯಾರೂ ಕೆಟ್ಟವರಲ್ಲ, ನಿಯಮ ಅಷ್ಟೇ.

ಆ ಮೂವರಲ್ಲಿ ಒಬ್ಬ ಒಡಿಶಾದ ಹುಡುಗ. ಕೆಲಸದಲ್ಲಿ ಚುರುಕು, ಮಾತು ಕಮ್ಮಿ. ಒಡಿಯಾ ಮಾತಾಡುವವರ ನಾಲಿಗೆಯಲ್ಲಿ ‘ವ’ ಸಾಮಾನ್ಯವಾಗಿ ‘ಬ’ ಆಗುತ್ತೆ. ಅವನು ಒಮ್ಮೆ ‘ಬರ್ಷನ್ ಟೂ’ ಅಂದ, ವರ್ಷನ್ ಅನ್ನುವುದಕ್ಕೆ. ಯಾರೋ ‘ಏನು, ವರ್ಷಾನಾ? ಎರಡು ವರ್ಷ ಬೇಕಾ ಮುಗಿಸೋಕೆ?’ ಅಂದರು. ಎಲ್ಲರೂ ನಕ್ಕರು. ಆಮೇಲೆ ಟೀಮಿನ ಚಾಟ್‌ನಲ್ಲಿ ವರ್ಷನ್ ಹೋಗಿ ‘ಬರ್ಷನ್’ ಆಯಿತು. ಅದರ ಸ್ಟಿಕರ್ ಕೂಡ ಮಾಡಿದರು. ಆ ಸ್ಟಿಕರಿಗೆ ನಗುವ ಮುಖ ಒತ್ತಿದವರಲ್ಲಿ ನಾನೂ ಒಬ್ಬಳು. ಅವನೂ ಒತ್ತಿದ್ದ, ನಾನು ಕ್ಯಾಂಟೀನಿನಲ್ಲಿ ನಕ್ಕ ಹಾಗೇ.

ಆಮೇಲೆ ಒಂದು ಶುಕ್ರವಾರ ರಾತ್ರಿ ರಿಲೀಸ್ ಇತ್ತು. ಹನ್ನೊಂದೂವರೆಗೆ ಎಲ್ಲ ಸರಿ ಅಂತ ಚಪ್ಪಾಳೆ ತಟ್ಟಿ ಮಲಗಿದೆವು. ಒಂದು ಗಂಟೆಗೆ ಫೋನ್ ಮೇಲೆ ಫೋನ್. ಗ್ರಾಹಕರಿಗೆ ಒಂದೇ ಬಿಲ್ಲು ಎರಡೆರಡು ಸಲ ಹೋಗುತ್ತಿತ್ತು. ಸರಿ ಮಾಡುವ ಹೊತ್ತಿಗೆ ಬೆಳಗಿನ ನಾಲ್ಕೂವರೆ. ಕಾರಣ ಸಣ್ಣದು: ಒಂದು ಕಡೆ ಹೊಸ ವರ್ಷನ್, ಇನ್ನೊಂದು ಕಡೆ ಹಳೆಯ ವರ್ಷನ್ ಉಳಿದುಬಿಟ್ಟಿತ್ತು.

ಸೋಮವಾರ ಮ್ಯಾನೇಜರ್ ‘ಯಾರ ಗಮನಕ್ಕೂ ಬರಲಿಲ್ವಾ?’ ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಸಂಜೆ ಲಾಗ್ ತೆಗೆದು ನೋಡುತ್ತಿದ್ದೆ. ಗುರುವಾರ ಮಧ್ಯಾಹ್ನ ಆ ಹುಡುಗ ಎರಡೂ ಕಡೆಯ ಫೈಲುಗಳನ್ನು ತೆರೆದು ಹೋಲಿಸಿದ್ದ. ಅಂದರೆ ಅವನಿಗೆ ಗೊತ್ತಿತ್ತು.

ಕೆಳಗೆ ಚಹಾದಂಗಡಿಗೆ ಕರೆದುಕೊಂಡು ಹೋಗಿ ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. ಅವನು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ನಿಂತ. ಆಮೇಲೆ ಹಿಂದಿಯಲ್ಲಿ ಹೇಳಿದ: ‘ಗುರುವಾರದ ಕಾಲ್‌ನಲ್ಲಿ ಹೇಳಬೇಕು ಅಂತಲೇ ಇದ್ದೆ ಮೇಡಂ. ಇಪ್ಪತ್ತು ಜನ ಇದ್ದರು. ಹೇಳಬೇಕು ಅಂದರೆ ಆ ಪದವನ್ನೇ ಹೇಳಬೇಕಲ್ಲ.’

ನನಗೆ ಅರ್ಥವಾಗಲು ಒಂದೆರಡು ಕ್ಷಣ ಬೇಕಾಯಿತು. ಯಾವ ಪದಕ್ಕೆ ನಾವು ಸ್ಟಿಕರ್ ಮಾಡಿದ್ದೆವೋ ಆ ಪದವಿಲ್ಲದೆ ತಪ್ಪನ್ನು ತೋರಿಸಲು ಬರುತ್ತಿರಲಿಲ್ಲ. ‘ಬೇರೆ ಯಾರಾದರೂ ನೋಡಿರುತ್ತಾರೆ ಅಂದುಕೊಂಡೆ’ ಅಂದ. ಚಾಟ್‌ನಲ್ಲಿ ಬರೆಯಬಹುದಿತ್ತಲ್ಲ ಅಂದಿದ್ದಕ್ಕೆ, ‘ಅಲ್ಲೇ ತಾನೇ ಸ್ಟಿಕರ್ ಇರೋದು’ ಅಂದ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಗುತ್ತಿಗೆ ಗ್ಯಾಂಗಿನಲ್ಲಿ ಎಲೆಕ್ಟ್ರಿಕಲ್ ಹೆಲ್ಪರ್ ಆಗಿದ್ದವರು. ಯಾವ ಮಿಲ್ಲಿನಲ್ಲಿ, ಯಾವ ಕಾರ್ಖಾನೆಯಲ್ಲಿ ಕರೆದರೆ ಅಲ್ಲಿಗೆ. ಎಲ್ಲ ಕೇಳಿಸಿಕೊಂಡು ಒಂದು ನಕ್ಕರು. ‘ನಂದೂ ಇಂಥಾದ್ದ ಒಂದ್ ಕಥಿ ಅದ, ಕೇಳಬೇ’ ಅಂದರು.

ಕಥೆ ಇಷ್ಟು. ಒಂದು ಮಿಲ್ಲಿನಲ್ಲಿ ಮೋಟಾರಿನ ಕೆಲಸ. ಅಪ್ಪ ಮೋಟಾರಿನ ಹತ್ತಿರ, ಸೂಪರ್‌ವೈಸರ್ ದೂರದಲ್ಲಿ ಮೇನ್ ಸ್ವಿಚ್ಚಿನ ಹತ್ತಿರ. ಸೂಪರ್‌ವೈಸರ್ ಉಡುಪಿ ಕಡೆಯವರು, ಬಂದು ಒಂದು ವಾರವೂ ಆಗಿರಲಿಲ್ಲ. ಅಪ್ಪ ಕೂಗಿ ಹೇಳಿದರು, ‘ಸರ್, ಬಂದ್ ಮಾಡ್ರೀ!’ ಕರೆಂಟು ತೆಗೆಯಿರಿ ಅಂತ. ಅವರು ‘ಆಯ್ತು’ ಅಂದರು. ಅಪ್ಪ ಮನಸ್ಸಿನಲ್ಲಿ ಹತ್ತು ಎಣಿಸಿ ಟರ್ಮಿನಲ್ಲಿಗೆ ಕೈ ಚಾಚಿದರು. ಅಷ್ಟರಲ್ಲಿ ನೋಡಿದರೆ ಸೂಪರ್‌ವೈಸರ್ ಅಪ್ಪನ ಕಡೆಗೇ ನಡೆದು ಬರುತ್ತಿದ್ದಾರೆ! ಅವರಿಗೆ ಕೇಳಿಸಿದ್ದು ‘ಬಂದು ಮಾಡಿ’ ಅಂತ. ಇವನಿಗೆ ಈ ಕೆಲಸ ಬರೋದಿಲ್ಲ, ನಾನೇ ಬಂದು ಮಾಡಬೇಕಂತೆ ಅಂದುಕೊಂಡು ಹೊರಟಿದ್ದರು. ಮೇನ್ ಸ್ವಿಚ್ ಹಾಗೇ ಇತ್ತು.

‘ಅವರು ಅಲ್ಲಿಂದ ಒದರಿದ್ದಕ್ಕ ಕೈ ಹಿಂದ ತಗೊಂಡೆ. ಇಲ್ಲಾಂದ್ರ ನೀ ಹುಟ್ಟತಿರಲಿಲ್ಲ ನೋಡು’ ಅಂತ ಅಪ್ಪ ಇದನ್ನು ನಗುತ್ತಲೇ ಹೇಳಿದರು.

ನಾನು ಕೇಳಿದೆ, ಆಮೇಲೆ ಏನಾಯ್ತು? ಆ ಸೂಪರ್‌ವೈಸರ್ ಅವತ್ತು ಕೆಲಸ ನಿಲ್ಲಿಸಿ ಅಪ್ಪನ ಜೊತೆ ನೆರಳಿಗೆ ಕೂತರಂತೆ. ‘ನೀವು ಹೇಳಿದ್ದನ್ನು ನಾನು ತಿರುಗಿ ಹೇಳ್ತೇನೆ. ಅದು ಸರಿ ಅಂತ ನೀವು ಇನ್ನೊಮ್ಮೆ ಹೇಳಿದ ಮೇಲೇ ಕೈ ಇಡಬೇಕು. ನಾನು ಸ್ವಿಚ್ ತೆಗೆದೆ ಅಂದರೂ ನಂಬಬೇಡಿ, ಟೆಸ್ಟರ್ ಹಾಕಿ ನೋಡಿ’ ಅಂದರಂತೆ. ಕಿಸೆಯ ಡೈರಿಯಲ್ಲಿ ಅಪ್ಪನ ಪದಗಳನ್ನು ಬರೆದುಕೊಳ್ಳತೊಡಗಿದರು. ಬಂದ್ ಅಂದರೆ ಆಫ್. ಚಾಲೂ ಅಂದರೆ ಆನ್. ಬರೋಬ್ಬರಿ ಅಂದರೆ ಸರಿ. ‘ನಿಮ್ಮ ಮಾತು ಸುಧಾರಿಸಿಕೊಳ್ಳಿ’ ಅಂತ ಒಂದು ಸಲವೂ ಅನ್ನಲಿಲ್ಲವಂತೆ.

ವಿದ್ಯುತ್ ಕೆಲಸದಲ್ಲಿ ಇದು ಹೊಸದೇನಲ್ಲ. ಕಂಬ ಹತ್ತುವ ಲೈನ್‌ಮನ್ ‘ಎಲ್‌ಸಿ’ ತೆಗೆದುಕೊಳ್ಳುತ್ತಾನೆ, ಲೈನ್ ಕ್ಲಿಯರ್ ಅಂತ. ಸಬ್‌ಸ್ಟೇಷನ್ನಿನಲ್ಲಿ ಕೂತವನು ಲೈನಿನ ವಿದ್ಯುತ್ ತೆಗೆದು ಒಪ್ಪಿಗೆ ಕೊಡಬೇಕು. ಕಂಬ ಹತ್ತಿದವನು ಕೆಳಗಿಳಿದು ಎಲ್‌ಸಿ ವಾಪಸ್ ಕೊಡುವ ತನಕ ಚಾಲೂ ಮಾಡುವಂತಿಲ್ಲ. ಇಬ್ಬರಿಗೂ ಒಬ್ಬರ ಜಾತಿ ಒಬ್ಬರಿಗೆ ಇಷ್ಟವಿಲ್ಲದಿರಬಹುದು, ನಿನ್ನೆ ಜಗಳ ಆಡಿರಬಹುದು. ಆದರೂ ಒಬ್ಬನ ಮಾತಿನ ಮೇಲೆ ಇನ್ನೊಬ್ಬನ ಜೀವ ನಿಂತಿರುತ್ತದೆ. ಹೇಳುವವನು ತಪ್ಪದೆ ಹೇಳಬೇಕು, ಕೇಳುವವನು ನಗದೆ ಕೇಳಬೇಕು.

ನಮ್ಮ ಥರದ ಆಫೀಸಿನಲ್ಲಿ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಹಾಗಾಗಿ ನಗುವುದಕ್ಕೆ ಪುರಸೊತ್ತು ಜಾಸ್ತಿ.

ಈ ವಿಷಯದಲ್ಲಿ ಓದುವಾಗ ಸಿಕ್ಕ ಒಂದು ಸಂಶೋಧನೆಯನ್ನು ಹೇಳಲೇಬೇಕು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ನಿರೀಕ್ಷೆ. ಅಂಕಿಅಂಶ ತಿರುಗುಮುರುಗಾಗಿ ಬಂತು. ಹೊಂದಾಣಿಕೆ ಚೆನ್ನಾಗಿರುವ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿದ್ದವು! ಮತ್ತೆ ಕೆದಕಿ ನೋಡಿದಾಗ ಗೊತ್ತಾಗಿದ್ದು, ಅಲ್ಲಿ ತಪ್ಪು ಹೆಚ್ಚು ಆಗುತ್ತಿದ್ದುದಲ್ಲ, ಆದ ತಪ್ಪನ್ನು ಜನ ಹೆದರದೆ ಹೇಳುತ್ತಿದ್ದರು. ಇದರಿಂದ ಬೆಳೆದ ವಿಚಾರವನ್ನು ಅವರು 1999ರ ಪ್ರಬಂಧದಲ್ಲಿ ಮಂಡಿಸಿದರು. ‘ಸೈಕಲಾಜಿಕಲ್ ಸೇಫ್ಟಿ’ ಅಂತ ಎಚ್‌ಆರ್‌ನವರು ಈಗ ದಿನಾ ಹೇಳುವುದು ಅದನ್ನೇ. ಗೂಗಲ್ 2012ರಲ್ಲಿ ಶುರು ಮಾಡಿ ತನ್ನದೇ ಸುಮಾರು 180 ತಂಡಗಳನ್ನು ಪರೀಕ್ಷಿಸಿದಾಗಲೂ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಟೀಮಿನಲ್ಲಿ ಯಾರಿದ್ದಾರೆ ಅನ್ನುವುದಕ್ಕಿಂತ, ಇದ್ದವರು ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನುವುದು.

ಅಪ್ಪನಿಗೆ ಇದನ್ನು ಹೇಳಿದೆ. ‘ಅದಕ್ಕ ಹಾರ್ವರ್ಡಿಗೆ ಯಾಕ ಹೋಗಬೇಕಿತ್ತು?’ ಅಂದರು.

ಇನ್ನು ರಿಪೋರ್ಟ್ ಬರೆಯುವ ಸರದಿ ನನ್ನದು. ಕಾರಣ ಅನ್ನುವ ಕಾಲಂ ಒಂದಿರುತ್ತದಲ್ಲ, ಅಲ್ಲಿ ‘ವೆಂಡರ್ ಸಿಬ್ಬಂದಿಯೊಬ್ಬರು ಗೊತ್ತಿದ್ದೂ ತಿಳಿಸಲಿಲ್ಲ’ ಅಂತ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಸುಳ್ಳೂ ಅಲ್ಲ. ಆದರೆ ಆ ಸಾಲಿನ ಬೆಲೆ ನನಗೆ ಗೊತ್ತಿತ್ತು: ಮುಂದಿನ ತಿಂಗಳು ಅವನ ಕಾಂಟ್ರ್ಯಾಕ್ಟ್ ನವೀಕರಣ ಇತ್ತು. ಎರಡು ದಿನ ಆ ಫೈಲನ್ನು ತೆರೆಯುವುದು, ಮುಚ್ಚುವುದು. ನನ್ನ ಬಡ್ತಿಯ ವಿಷಯವೂ ಅದೇ ಹೊತ್ತಿಗೆ ನಡೆಯುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಆಗ ನೆನಪಾದದ್ದು ಹಾಸ್ಟೆಲಿನ ದಿನಗಳು. ಸಂವಿಧಾನದ 371(ಜೆ) ವಿಧಿಯ ಬಗ್ಗೆ ನಿಮಗೆ ಗೊತ್ತಿರಬಹುದು. 98ನೇ ತಿದ್ದುಪಡಿಯ ಮೂಲಕ ಬಂದದ್ದು. ಹೈದರಾಬಾದ್ ಕರ್ನಾಟಕದ, ಈಗಿನ ಹೆಸರಿನಲ್ಲಿ ಕಲ್ಯಾಣ ಕರ್ನಾಟಕದ, ಮಕ್ಕಳಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಮೀಸಲು. ನಾನು ಬೆಂಗಳೂರಿನ ಕಾಲೇಜಿಗೆ ಬಂದದ್ದು ಆ ಶೇ 8ರಲ್ಲಿ. ನಾಲ್ಕು ವರ್ಷವೂ ‘ನಿನಗೇನಮ್ಮ, ತ್ರೀ ಸೆವೆಂಟಿ ಒನ್ ಜೆ ಇದೆ’ ಅನ್ನುವ ಮಾತು ಕೇಳಿದ್ದೀನಿ. ತಮಾಷೆಯಾಗಿಯೇ. ನನ್ನ ಮಾರ್ಕ್ಸ್ ಎಷ್ಟು ಅಂತ ಯಾರೂ ಕೇಳಲಿಲ್ಲ. ಒಂದು ಪರೀಕ್ಷೆಯಲ್ಲಿ ಕಮ್ಮಿ ಬಂದಾಗ ಮಾತ್ರ ಎಲ್ಲರಿಗೂ ಕಾರಣ ಮೊದಲೇ ಗೊತ್ತಿತ್ತು. ಒಬ್ಬ ಮನುಷ್ಯನ ತಪ್ಪು ಅವನೊಬ್ಬನದೇ ಆಗಿ ಉಳಿಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಅದು ಅವನ ಜಿಲ್ಲೆಯದ್ದೋ, ಜಾತಿಯದ್ದೋ, ಟ್ಯಾಗಿನ ಬಣ್ಣದ್ದೋ ಆಗಿಬಿಡುತ್ತದೆ.

ರಿಪೋರ್ಟಿನಲ್ಲಿ ನಾನು ಬರೆದದ್ದು ಇದು: ತಪ್ಪು ಗುರುವಾರವೇ ಒಬ್ಬರ ಗಮನಕ್ಕೆ ಬಂದಿತ್ತು. ತಂಡದಲ್ಲಿ ಅವರ ಉಚ್ಚಾರವನ್ನು ಗೇಲಿ ಮಾಡುವ ರೂಢಿ ಇದ್ದುದರಿಂದ ಅವರು ಹೇಳಲಿಲ್ಲ. ಆ ಗೇಲಿಯಲ್ಲಿ ಲೀಡ್ ಆಗಿ ನಾನೂ ಭಾಗಿ.

ಮ್ಯಾನೇಜರ್ ಓದಿ, ‘ಇಷ್ಟು ಪರ್ಸನಲ್ ಆಗಿ ಬರೀಬೇಕಿತ್ತಾ?’ ಅಂದರು. ಆ ಸಲದ ಬಡ್ತಿ ನನಗೆ ಬರಲಿಲ್ಲ. ಈ ರಿಪೋರ್ಟಿನಿಂದಲೇ ಅಂತ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಹುಡುಗನ ಕಾಂಟ್ರ್ಯಾಕ್ಟ್ ಆರು ತಿಂಗಳಿಗೆ ನವೀಕರಣ ಆಯಿತು.

ಟೀಮಿನಲ್ಲಿ ಏನು ಬದಲಾಯಿತು ಅಂದರೆ, ಮೊದಲು ತಪ್ಪು ದಾರಿಯಲ್ಲೇ ಹೋದೆ. ಎಚ್‌ಆರ್‌ಗೆ ಹೇಳಿ ‘ಡೈವರ್ಸಿಟಿ ಡೇ’ ಮಾಡಿಸಿದೆ. ಎಲ್ಲರೂ ತಮ್ಮ ರಾಜ್ಯದ ಉಡುಪಿನಲ್ಲಿ ಬರಬೇಕು ಅಂತ ಮೇಲ್ ಹೋಯಿತು. ಅವನು ನನ್ನ ಹತ್ತಿರ ಬಂದು ಪಾಪ, ‘ನಮ್ಮನೇಲಿ ನಾನು ಜೀನ್ಸೇ ಹಾಕೋದು ಮೇಡಂ, ಏನು ಮಾಡಲಿ?’ ಅಂದ. ನನ್ನನ್ನು ಇಳಕಲ್ ಸೀರೆ ಉಡಿಸಿ ಜೋಳದ ರೊಟ್ಟಿ ತಟ್ಟುವ ಭಂಗಿಯಲ್ಲಿ ಫೋಟೊ ತೆಗೆದರು. ನನಗೆ ಇವತ್ತಿಗೂ ರೊಟ್ಟಿ ದುಂಡಗೆ ಬರುವುದಿಲ್ಲ.

ಆಮೇಲೆ ಅಪ್ಪನ ಸೂಪರ್‌ವೈಸರನ್ನೇ ಹಿಡಿದುಕೊಂಡೆ. ಯಾರಾದರೂ ಏನಾದರೂ ಹೇಳಿದರೆ, ಉತ್ತರ ಕೊಡುವ ಮೊದಲು ‘ನೀವು ಹೇಳಿದ್ದು ಹೀಗೆ, ಸರಿನಾ?’ ಅಂತ ತಿರುಗಿ ಹೇಳುವುದು. ಮೊದಮೊದಲು ಎಲ್ಲರಿಗೂ ಕಿರಿಕಿರಿ, ಸಮಯ ಹಾಳು ಅಂದರು. ಆದರೆ ತಿರುಗಿ ಹೇಳಬೇಕಾದರೆ ಕೇಳಲೇಬೇಕಲ್ಲ. ಕೇಳುವಾಗ ಸ್ಟಿಕರ್ ಹುಡುಕಲು ಆಗುವುದಿಲ್ಲ. ವಾರದ ಮೀಟಿಂಗಿನಲ್ಲಿ ಕಾಂಟ್ರ್ಯಾಕ್ಟಿನ ಮೂವರು ಮೊದಲು ಮಾತಾಡುವುದು, ನಾನು ಕೊನೆಗೆ. ಲಂಚಿನ ವಿಷಯದಲ್ಲಿ ನಿಯಮ ಬದಲಾಗಲಿಲ್ಲ. ನಾವೇ ದುಡ್ಡು ಕೂಡಿಸಿ ಹನ್ನೊಂದೂ ಜನ ಹೊರಗೆ ಹೋಗತೊಡಗಿದೆವು. ರಂಜಾನ್ ತಿಂಗಳಲ್ಲಿ ಒಬ್ಬ ಸಹೋದ್ಯೋಗಿಗಾಗಿ ಸಂಜೆಯ ಕಾಲ್ ಬೆಳಗ್ಗೆಗೆ ಹೋಯಿತು. ಸ್ಟಿಕರ್ ಮಾಡಿದ ಹುಡುಗಿ ಎಲ್ಲರ ಎದುರಿಗಲ್ಲ, ಅವನ ಹತ್ತಿರ ಮಾತ್ರ ಹೋಗಿ ಕ್ಷಮೆ ಕೇಳಿದಳು ಅಂತ ಆಮೇಲೆ ತಿಳಿಯಿತು. ಒಬ್ಬರು ಮಾತ್ರ ‘ಈಗ ನಗೋಕೂ ಪರ್ಮಿಷನ್ ಬೇಕು’ ಅನ್ನುತ್ತಲೇ ಇದ್ದರು, ಇನ್ನೂ ಅನ್ನುತ್ತಾರೆ. ನಗೆ ಕಮ್ಮಿ ಏನೂ ಆಗಿಲ್ಲ. ಆ ಹುಡುಗ ಬಾಯಿ ಬಿಟ್ಟ ಮೇಲೆ ಗೊತ್ತಾಯಿತು, ನಮ್ಮೆಲ್ಲರಿಗಿಂತ ಚೆನ್ನಾಗಿ ಮ್ಯಾನೇಜರ್ ದನಿ ಅನುಕರಣೆ ಮಾಡುವವನು ಅವನೇ.

ನಮ್ಮ ಕಡೆ ‘ಅಂತಃಕರಣ’ ಅನ್ನುವ ಪದವನ್ನು ದಿನನಿತ್ಯದ ಮಾತಿನಲ್ಲಿ ಬಳಸುತ್ತಾರೆ. ‘ಆಕೀಗೆ ಭಾಳ ಅಂತಃಕರಣ’ ಅಂದರೆ ಅಯ್ಯೋ ಪಾಪ ಅನ್ನುವವಳು ಅಂತಲ್ಲ. ನೀನು ಉಂಡಿಯೋ ಇಲ್ಲವೋ ಅಂತ ನೀನು ಹೇಳುವ ಮೊದಲೇ ಅವಳಿಗೆ ಗೊತ್ತಿರುತ್ತದೆ ಅಂತ. ಕನಿಕರ ಮೇಲಿನಿಂದ ಕೆಳಗೆ ನೋಡುತ್ತದೆ. ನನ್ನ ಟೀಮಿನಲ್ಲಿ ನಾನು ಒಂದೂವರೆ ವರ್ಷ ತೋರಿಸಿದ್ದು ಹೆಚ್ಚೆಂದರೆ ಅದನ್ನೇ. ಅವನ ಊರು ಯಾವುದು ಅಂತ ಕೂಡ ಕೇಳಿರಲಿಲ್ಲ, ‘ಭುವನೇಶ್ವರದ ಹುಡುಗ’ ಅನ್ನುತ್ತಿದ್ದೆ.

ಕೇಳಿದ್ದು ಆ ಚಹಾದಂಗಡಿಯ ಸಂಜೆ ಕಳೆದ ಎಷ್ಟೋ ದಿನಕ್ಕೆ. ‘ಭುವನೇಶ್ವರ ಅಲ್ಲ ಮೇಡಂ, ತಾಲ್ಚೇರ್’ ಅಂದ. ನಾನು ‘ಕಲ್ಲಿದ್ದಲು!’ ಅಂದೆ. ಅವನಿಗೆ ಆಶ್ಚರ್ಯ. ಬೆಂಗಳೂರಿನಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲವಂತೆ. ನಮ್ಮೂರ ಮಕ್ಕಳಿಗೆ ಗೊತ್ತಿರುತ್ತದೆ. ಥರ್ಮಲ್‌ಗೆ ಸಿಂಗರೇಣಿಯಿಂದಲೂ ಕಲ್ಲಿದ್ದಲು ಬರುತ್ತದೆ, ಒಡಿಶಾದ ಮಹಾನದಿ ಗಣಿಗಳಿಂದಲೂ ಬರುತ್ತದೆ. ಚಿಕ್ಕವಳಿದ್ದಾಗ ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಾ ಕೂತಿದ್ದು ಹೇಳಿದೆ. ಅವನು ಆ ಕಡೆ ಕೂತು ಎಣಿಸಿದವನು. ತುಂಬಿ ಹೋಗುವುದನ್ನು ಅವನು ನೋಡುತ್ತಿದ್ದ, ಖಾಲಿಯಾಗಿ ಹೋಗುವುದನ್ನು ನಾನು. ಇಬ್ಬರ ಮನೆಯ ಅಂಗಳದಲ್ಲೂ ಒಣಹಾಕಿದ ಬಟ್ಟೆಯ ಮೇಲೆ ಧೂಳು. ಅಲ್ಲಿ ಕಲ್ಲಿದ್ದಲಿನದು, ಇಲ್ಲಿ ಬೂದಿಯದು.

ಆರು ತಿಂಗಳಾದ ಮೇಲೆ ಅವನಿಗೆ ಹೈದರಾಬಾದಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಹೋದ. ನಾನು ತಡೆಯಲಿಲ್ಲ, ತಡೆಯಲು ನನ್ನ ಬಳಿ ಕಾಯಂ ಟ್ಯಾಗ್ ಇರಲಿಲ್ಲ.

ಕಳೆದ ಸಲ ನಾನು ಊರಲ್ಲಿದ್ದಾಗ ಫೋನ್ ಮಾಡಿ, ಶನಿವಾರ ರಜೆ, ಬರಲೇ ಅಂದ. ಬೆಳಗಿನ ಬಸ್ಸಿಗೆ ಮಕ್ತಲ್ ದಾಟಿ, ಹೊಳೆ ದಾಟಿ ಬಂದ. ಚಿಮಣಿ ಕಂಡಕೂಡಲೇ ಬಸ್ಸಿನಿಂದಲೇ ಫೋಟೊ ಕಳಿಸಿದ್ದ. ಅವ್ವ ಒಗ್ಗರಣಿ, ಮಿರ್ಚಿ ಮಾಡಿದಳು. ಎರಡು ತಟ್ಟೆ ತಿಂದ. ಅವ್ವನಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಅರ್ಧಂಬರ್ಧ. ‘ಇನ್ನೊಂಚೂರ್ ಹಾಕಲೇನಪಾ?’ ಅನ್ನುವುದು ಅವನಿಗೆ ಹೇಗೆ ತಿಳಿಯುತ್ತಿತ್ತೋ, ಪ್ರತಿ ಸಲವೂ ತಟ್ಟೆ ಮುಂದೆ ಬರುತ್ತಿತ್ತು.

ಊಟ ಆದ ಮೇಲೆ ಅಪ್ಪ ಕಟ್ಟೆಯ ಮೇಲೆ ಕೂತು ಅವನಿಗೆ ತಮ್ಮ ಮಿಲ್ಲಿನ ಕಥೆ ಶುರು ಮಾಡಿದರು. ಅರ್ಧ ನಮ್ಮ ಕನ್ನಡ, ಅರ್ಧ ದಖನಿ. ನಾನು ಅನುವಾದ ಮಾಡಲು ಪಕ್ಕಕ್ಕೆ ಕೂತೆ. ಅಪ್ಪ ಕೈ ಚಾಚಿ ತೋರಿಸಿ, ‘ಸರ್, ಬಂದ್ ಮಾಡ್ರೀ ಅಂದೆ’ ಅನ್ನುವಷ್ಟರಲ್ಲಿ, ನಾನು ಬಾಯಿ ತೆರೆಯುವ ಮೊದಲೇ ಅವನು, ‘ಓ! ಕಮ್ ಅಂಡ್ ಡೂ!’ ಅಂದ.

ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಒಳಗಿನಿಂದ ಅವ್ವ ಕೂಗಿದಳು, ‘ಏನಾತು? ನನಗೂ ಹೇಳ್ರಿ.’